ವಿಮಾನದ ಸೀಟಿಗೆ ಹಾಕಿದ ಟವೆಲ್ಲು

ಅಲ್ಲ, ಬಸ್ಸಿನ ಮಾತು ಮೊದಲು ತೆಗೆದವನು ಶಿವರಾಜು ಅಲ್ಲ, ನಾನೇ ಇರಬೇಕು. ಇಷ್ಟು ದಿನ ಈ ಕಥೆ ಹೇಳುವಾಗೆಲ್ಲ ಅವನ ಬಾಯಿಂದಲೇ ಶುರು ಮಾಡಿಸುತ್ತಿದ್ದೆ. ಹಾಗೆ ಮಾಡಿದರೆ ತಪ್ಪಿನಲ್ಲಿ ಅವನಿಗೂ ಸ್ವಲ್ಪ ಪಾಲು ಸಿಗುತ್ತದೆ. ಬರೆಯಲು ಕೂತ ಮೇಲೆ ಅನುಮಾನ ಬಂತು. ಅಂದು ಶುಕ್ರವಾರ ಎನ್ನುವುದೂ ಅನುಮಾನವೇ. ಲಾಕ್‌ಡೌನಿನಲ್ಲಿ ಎಲ್ಲ ವಾರಗಳೂ ಶುಕ್ರವಾರದ ಮುಖ ಹಾಕಿಕೊಂಡೇ ಬರುತ್ತಿದ್ದವು.

ಖಚಿತವಾಗಿ ಗೊತ್ತಿರುವುದು ಇಷ್ಟು: ಮಸ್ಕತ್ತಿನಲ್ಲಿ ಒಂದು ಕೋಣೆ, ಮೂರು ಮಂಚ, ಮೂವರು ಗಂಡಸರು. ನಾನು ಪಾಂಡವಪುರದವನು, ಕಟ್ಟಡ ಸಾಮಾನಿನ ಗೋದಾಮಿನಲ್ಲಿ ಸ್ಟೋರ್‌ಕೀಪರ್. ನಯಾಜ್ ಶ್ರೀರಂಗಪಟ್ಟಣದವನು, ಡ್ರೈವರ್. ಶಿವರಾಜು ಕೆ.ಆರ್. ಪೇಟೆ ತಾಲ್ಲೂಕು ಬೂಕನಕೆರೆಯವನು, ಏಸಿ ಮೆಕ್ಯಾನಿಕ್. ನಮ್ಮಲ್ಲಿ ಚಿಕ್ಕವನು ಅವನೇ. ಅವನಿಗೆ ನಾಗಮಂಗಲದ ಕಡೆ ಹೊಣಕೆರೆಯ ಸವಿತಾ ಎಂಬ ಹುಡುಗಿಯೊಂದಿಗೆ ಮದುವೆ ಗೊತ್ತಾಗಿತ್ತು. ಆಷಾಢ ಬರುವುದರೊಳಗೆ ಧಾರೆ ಆಗಲೇಬೇಕು ಎಂದು ಹೆಣ್ಣಿನ ಕಡೆಯವರ ಹಟ. ಅದಕ್ಕೆ ಕಾರಣ ಸವಿತಾಳ ಅಜ್ಜಿ. ಆಕೆಗೆ ತೊಂಬತ್ತರ ಹತ್ತಿರ. ಮೊಮ್ಮಗಳ ಮದುವೆ ನೋಡಿಯೇ ಹೋಗುತ್ತೇನೆ ಎಂದು ಹೇಳಿ ಕೂತಿದ್ದಳು.

ಮದುಮಗ ಮಾತ್ರ ಮಸ್ಕತ್ತಿನ ಕೋಣೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ.

ಪರದೇಶದಲ್ಲಿ ಸಿಕ್ಕಿಹಾಕಿಕೊಂಡವರು ಏನು ನೆನೆದು ಕೊರಗುತ್ತಾರೆ ಎಂದು ಕೇಳಿದರೆ ಎಲ್ಲರೂ ಅಮ್ಮನ ಅಡುಗೆ ಅನ್ನುತ್ತಾರೆ. ಸುಳ್ಳು. ನಯಾಜ್ ಕಟ್ಟುತ್ತಿದ್ದ ಮುದ್ದೆ ನನ್ನ ಅಮ್ಮನ ಮುದ್ದೆಗಿಂತ ಚೆನ್ನಾಗಿತ್ತು. (ಅಮ್ಮ ಇದನ್ನು ಓದುವುದಿಲ್ಲ.) ಮೊದಮೊದಲು ನಾವು ಮಸ್ಕತ್ತನ್ನೇ ನೆನೆದು ಕೊರಗಿದೆವು. ಕೆಳಗಿನ ಬೀದಿಯಲ್ಲೇ ಇದ್ದ ಚಹಾ ಅಂಗಡಿ, ಸಮುದ್ರದ ದಂಡೆಯ ಮೇಲೆ ಸಂಜೆಯ ಅಲೆದಾಟ, ಕ್ಷೌರದಂಗಡಿಯ ಮಲಯಾಳಿಯ ಹರಟೆ. ಎರಡನೇ ತಿಂಗಳಿಗೆ ಕೊರಗು ಸಮುದ್ರ ದಾಟಿ ಊರಿಗೆ ಹೋಯಿತು. ಅಲ್ಲೂ ಅದು ಮನೆಗೆ ಹೋಗಲಿಲ್ಲ. ನೇರ ಬಸ್ ಸ್ಟ್ಯಾಂಡಿಗೆ ಹೋಯಿತು!

ನಮಗೆ ಬೇಕಾಗಿದ್ದದ್ದು ನೂಕಾಟ. ಸಂತೆಯ ದಿನ ಕೆ.ಆರ್. ಪೇಟೆಯಲ್ಲಿ ಯಾರಾದರೂ ಕಾಲು ತುಳಿಯಬೇಕು. ತುಳಿದವನೇ ನಮ್ಮನ್ನು ಗದರಬೇಕು. ಪಕ್ಕದ ಸೀಟಿನವನು ಯಾವ ಊರು, ಯಾರ ಮಗ, ಸಂಬಳ ಎಷ್ಟು ಎಂದು ಕೇಳಬೇಕು. ನಮ್ಮ ಪೇಪರಿನ ಅರ್ಧ ಇಸಿದುಕೊಂಡು ವಾಪಸ್ ಕೊಡದೆ ಇಳಿದು ಹೋಗಬೇಕು. ಯಾರನ್ನೂ ಮುಟ್ಟಬಾರದು ಎಂದು ಸರ್ಕಾರಗಳು ಹೇಳುತ್ತಿದ್ದಾಗ ನಮಗೆ ಬೆವರಿನ ತೋಳೊಂದು ಮೈಗೆ ಒತ್ತಿದರೆ ಸಾಕಾಗಿತ್ತು.

ಹೀಗೆ ಆ ಶುಕ್ರವಾರ, ಶುಕ್ರವಾರವೇ ಆಗಿದ್ದರೆ, ಮೂರು ಮಂಚಗಳನ್ನು ಒಂದರ ಹಿಂದೆ ಒಂದು ಎಳೆದು ಬಸ್ಸು ಮಾಡಿದೆವು. ನಯಾಜ್ ಡ್ರೈವರು, ನಾನು ಕಂಡಕ್ಟರು, ಶಿವರಾಜು ಒಬ್ಬನೇ ಪ್ರಯಾಣಿಕ. ಶ್ರೀರಂಗಪಟ್ಟಣದಿಂದ ಹೊರಟ ಬಸ್ಸು ಪಾಂಡವಪುರ ದಾಟುವ ಮೊದಲೇ ನಿಂತುಹೋಯಿತು. ರೈಲ್ವೆ ಸ್ಟೇಷನ್ ಸ್ಟಾಪಿನಲ್ಲಿ ಸೌತೆಕಾಯಿ ಮಾರುವವಳು ಎಡಕ್ಕೆ ಕೂರುತ್ತಾಳೋ ಬಲಕ್ಕೋ ಎಂದು ಜಗಳ ಹತ್ತಿತು. ನಾನು ಎಡ ಎಂದೆ. ಆಮೇಲೆ ಊರಿಗೆ ಬಂದಾಗ ಹೋಗಿ ನೋಡಿದೆ. ಅಲ್ಲಿ ಸೌತೆಕಾಯಿಯವಳೇ ಇಲ್ಲ. ಯಾವತ್ತೂ ಇರಲಿಲ್ಲವಂತೆ.

ಜಗಳ ಮುಗಿದ ಮೇಲೆ ನಾನು ನನ್ನ ಪ್ರತಾಪ ಹೇಳಿಕೊಂಡೆ. ಕಾಲೇಜಿನ ದಿನಗಳಲ್ಲಿ ಶ್ರೀರಂಗಪಟ್ಟಣದ ಸ್ಟ್ಯಾಂಡಿನಲ್ಲಿ ನನ್ನಷ್ಟು ಸೀಟು ಹಿಡಿದವನಿಲ್ಲ. ಬಸ್ಸು ಇನ್ನೂ ನಿಲ್ಲುವ ಮೊದಲೇ ಜೊತೆಗೆ ಓಡಿ, ಕಿಟಕಿಯಿಂದ ಟವೆಲ್ಲು ಎಸೆದರೆ ಅದು ಸೀಟಿನ ಮೇಲೆ ಮಡಚಿಟ್ಟಂತೆ ಬೀಳುತ್ತಿತ್ತು. ಟವೆಲ್ಲು ಬಿದ್ದ ಸೀಟು ಟವೆಲ್ಲಿನವನದು. ಅವನು ಅದರಲ್ಲಿ ತಾನೇ ಕೂರಬಹುದು, ಬಸುರಿಗೆ ಕೊಡಬಹುದು, ಹಿಂದೆ ಉಳಿದ ಗೆಳೆಯನಿಗೆ ಕೊಡಬಹುದು. ನಮ್ಮ ಕಡೆ ಇದಕ್ಕೆ ಕಾನೂನಿಗಿಂತ ಹೆಚ್ಚು ಬೆಲೆ. ಯಾಕೆಂದರೆ ಇದನ್ನು ಎಲ್ಲರೂ ಪಾಲಿಸುತ್ತಾರೆ.

ಅದೇ ವಾರ ಊರಿಗೆ ಹೋಗುವವರು ಹೆಸರು ಬರೆಸಿ ಎಂದು ಭಾರತದ ರಾಯಭಾರ ಕಚೇರಿಯಿಂದ ಫಾರಂ ಬಂತು. ವಿಮಾನಗಳು ಕೆಲವೇ, ಹೋಗುವವರು ಸಾವಿರಾರು. ಮೊಬೈಲಿನಲ್ಲಿ ತುಂಬಬೇಕಿತ್ತು. ಕನ್ನಡಕ ಇದ್ದವನು ನಾನೊಬ್ಬನೇ ಆದ್ದರಿಂದ ಆ ಗುರುತರ ಜವಾಬ್ದಾರಿ ನನ್ನ ಹೆಗಲೇರಿತು. ಶಿವರಾಜನ ಫಾರಂ ತುಂಬಿದೆ. ಪ್ರಯಾಣದ ಕಾರಣ ಎಂಬಲ್ಲಿ ಕಾಯಿಲೆ, ಗರ್ಭಿಣಿ, ಕೆಲಸ ಹೋದದ್ದು, ಮನೆಯಲ್ಲಿ ಸಾವು, ಎಲ್ಲವೂ ಇದ್ದವು. ಮದುವೆ ಇರಲಿಲ್ಲ. 'ಇತರೆ' ಎಂಬುದನ್ನು ಒತ್ತಿದೆ.

ಆಗಲೇ ನನ್ನ ತಲೆಯಲ್ಲಿ ಬೆಳಕಾಯಿತು. ಒಂದು ಟವೆಲ್ಲು ಸಾಲದು, ಎರಡು ಎಸೆಯೋಣ! ನನ್ನ ಹೆಸರಿನಲ್ಲೂ ಒಂದು ಫಾರಂ ಹಾಕುತ್ತೇನೆ, ಯಾವುದಕ್ಕೆ ಸೀಟು ಬಿದ್ದರೂ ಕೂರುವವನು ಶಿವರಾಜು ಎಂದು ಘೋಷಿಸಿದೆ. ನಯಾಜ್ ಈರುಳ್ಳಿ ಹೆಚ್ಚುತ್ತಿದ್ದವನು ಚಾಕು ಕೆಳಗಿಟ್ಟ.

"ಅಣ್ಣಾ, ಅದು ಹವಾಯಿ ಜಹಾಜು. ಅದರ ಕಿಟಕಿ ತೆಗೆಯಕ್ಕೇ ಬರಲ್ಲ. ಟವೆಲ್ ಎಲ್ಲಿಂದ ಹಾಕ್ತೀಯ?"

"ನೀನು ಸುಮ್ಕಿರ್ಲಾ. ಸೀಟು ಅಂದ್ರೆ ಸೀಟೇ ಕಣ್ಲಾ, ನೆಲದ್ಮೇಲಾದ್ರೇನು, ಆಕಾಸದಲ್ಲಾದ್ರೇನು," ಎಂದೆ. ಹೀಗೇ ಎಂದೆ ಎಂದು ನನ್ನ ನೆನಪು. ನಯಾಜನ ಪ್ರಕಾರ ನಾನು ಇದಕ್ಕಿಂತ ಕೆಟ್ಟದಾಗಿ ಮಾತಾಡಿದೆನಂತೆ.

ಟವೆಲ್ಲು ಜಾರಬಾರದಲ್ಲ, ಅದಕ್ಕಾಗಿ ನನ್ನ ಫಾರಂನಲ್ಲಿ ಕಾರಣವನ್ನು ಗಟ್ಟಿ ಮಾಡಿದೆ. 'ಕಾಯಿಲೆ' ಎಂದು ಒತ್ತಿ, ವಿವರದಲ್ಲಿ 'ಎದೆಯಲ್ಲಿ ಒಂಥರಾ ಆಗುತ್ತದೆ' ಎಂಬುದನ್ನು ಇಂಗ್ಲಿಷಿಗೆ ತಿರುಗಿಸಿ ಬರೆದೆ. ಮಾರನೆಯ ದಿನವೇ ರಾಯಭಾರ ಕಚೇರಿಯಿಂದ ಫೋನು ಬಂತು. ಹೆಣ್ಣುಮಗಳೊಬ್ಬಳು ಬಹಳ ಮರ್ಯಾದೆಯಿಂದ ಕೆಮ್ಮು ಇದೆಯೇ, ಉಸಿರು ಕಟ್ಟುತ್ತದೆಯೇ ಎಂದು ವಿಚಾರಿಸಿದಳು. ಕೆಮ್ಮು ಇದೆ ಎಂದರೆ ವಿಮಾನದ ಬದಲು ಬೇರೆಲ್ಲಿಗೋ ಒಯ್ಯುತ್ತಾರೆ. ಇಲ್ಲ ಎಂದರೆ ಕಾಯಿಲೆಯೇ ಅಲ್ಲ. ನಾನು ಗಾಬರಿಯಲ್ಲಿ, ನೋವು ಎದೆಯ ಒಳಗಲ್ಲ, ಅದರ ಸುತ್ತಮುತ್ತ ಎಂದುಬಿಟ್ಟೆ. ಅತ್ತ ಕಡೆ ಟೈಪ್ ಮಾಡುವ ಸದ್ದು ಕೇಳಿಸಿತು.

ನಾಲ್ಕು ದಿನಕ್ಕೆ ಸಂದೇಶ ಬಂತು. ಸೀಟು ಸಿಕ್ಕಿದೆ! ನಾನು ಕೂಡಲೇ ಹೊಣಕೆರೆಗೆ ಫೋನು ಮಾಡಿ, ಗಂಡಿಗೆ ಸೀಟಾಯಿತು, ಚಪ್ಪರಕ್ಕೆ ಹೇಳಿಬಿಡಿ ಎಂದು ಸವಿತಾಳ ತಂದೆಗೆ ಹೇಳಿದೆ. ಫೋನಿಟ್ಟ ಮೇಲೆ ಸಂದೇಶ ಪೂರ್ತಿ ಓದಿದೆ. ಮೇಲೆ ನನ್ನ ಹೆಸರಿತ್ತು. ಶಿವರಾಜನಿಗೆ ಸಂದೇಶವೇ ಬಂದಿರಲಿಲ್ಲ.

ಆದರೂ ಧೈರ್ಯಗೆಡಲಿಲ್ಲ. ಅದೇ ಹೆಣ್ಣುಮಗಳಿಗೆ ಫೋನು ಮಾಡಿ, ನನಗೆ ಮಂಜೂರಾದ ಆಸನವನ್ನು ಬೂಕನಕೆರೆಯ ಶಿವರಾಜುವಿಗೆ ಬಿಟ್ಟುಕೊಡಲು ನನ್ನ ಸಂಪೂರ್ಣ ಒಪ್ಪಿಗೆ ಇದೆಯೆಂದೂ, ನಾನು ಕೇವಲ ಹಿಡಿದಿಟ್ಟಿದ್ದೆನೆಂದೂ ವಿನಂತಿಸಿಕೊಂಡೆ. ಆಕೆ ನನ್ನ ಫಾರಂ ನಂಬರನ್ನು ಇನ್ನೊಮ್ಮೆ ಕೇಳಿ ಬರೆದುಕೊಂಡಳು. ಆಮೇಲೆ, ನೀವು ಬಿಟ್ಟರೆ ಅದು ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ, ಅವರು ಯಾರೆಂದು ಹೇಳುವ ಹಾಗಿಲ್ಲ, ನಿಮ್ಮ ಗೆಳೆಯ ಅಲ್ಲ ಎಂಬುದನ್ನು ಮಾತ್ರ ಹೇಳಬಲ್ಲೆ ಎಂದಳು. ಕೊನೆಗೆ ನನ್ನ ಎದೆನೋವು ಹೇಗಿದೆ ಎಂದು ಕೇಳಿದಳು. ಆಗ ನಿಜವಾಗಿಯೂ ನೋಯುತ್ತಿತ್ತು.

ಸೀಟು ಬಿಟ್ಟುಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಪಾಂಡವಪುರದಿಂದ ನನ್ನ ಹೆಂಡತಿ ಮಂಜುಳಾ ಫೋನು ಮಾಡಿದಳು. ವಿದೇಶದಿಂದ ಬರುವ ರೋಗಿಗಳ ಪಟ್ಟಿ ಹಿಡಿದು ಆಶಾ ಕಾರ್ಯಕರ್ತೆ ಮನೆಗೆ ಬಂದಿದ್ದಳಂತೆ. ನಿಮ್ಮೆಜಮಾನ್ರ ಹಾರ್ಟು ಎಷ್ಟು ವರ್ಷದಿಂದ ಹಿಂಗೆ ಎಂದು ಬೀದಿಯವರ ಎದುರಿಗೇ ಕೇಳಿದಳಂತೆ.

"ನಂಗೊಂದ್ ಮಾತು ಯೋಳ್ನಿಲ್ವಲ್ಲ ನೀವು," ಎಂದಳು ಮಂಜುಳಾ. ಟವೆಲ್ಲಿನ ಕಥೆ ಹೇಳಿದೆ. ಅವಳು ನಂಬಲಿಲ್ಲ. ಕಾಯಿಲೆ ಮುಚ್ಚಿಡಲು ಇಷ್ಟು ದಡ್ಡ ಸುಳ್ಳು ಹೇಳುವವನು ಸಾಯುವ ಹಂತದಲ್ಲೇ ಇರಬೇಕು ಎಂದು ಅಳತೊಡಗಿದಳು. ನಾನು ಬರದಿದ್ದರೆ ಅವಳೇ ಹೊರಟು ಬರುವಂತಿದ್ದಳು.

ಶಿವರಾಜು ಈ ನಾಲ್ಕೈದು ದಿನ ಒಂದು ಬೈಗುಳವನ್ನೂ ಆಡಲಿಲ್ಲ. ಆಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮದುವೆಗೆಂದು ಕೊಂಡಿದ್ದ ಸೀರೆಯನ್ನೂ ಒಂದು ಕೈಗಡಿಯಾರವನ್ನೂ ತಂದು ನನ್ನ ಸೂಟ್‌ಕೇಸಿನಲ್ಲಿಟ್ಟ.

"ಅಣೋ, ನೀನೇ ಓಗು. ಸೀಟು ಇನ್ಯಾರ್ಗೋ ಓಗಿ ಏನು ಸುಖ? ಒಣಕೆರೆಗೋಗಿ, ಅವ್ನು ಬೇಕೂಂತ ತಪ್ಪಿಸ್ಕಂಡಿಲ್ಲ ಅಂತ ಯೋಳ್ಬುಡು. ಫೋನಲ್ಲಿ ಯೋಳುದ್ರೆ ಅವ್ರು ನಂಬಾಕಿಲ್ಲ."

ಹೀಗೆ ಕಾಯಿಲೆಯಿಲ್ಲದ ರೋಗಿಯೊಬ್ಬ ಮದುವೆಯಿಲ್ಲದ ಸೀರೆ ಹೊತ್ತು ವಿಮಾನ ಹತ್ತಿದ. ನನಗೆ ಸಿಕ್ಕಿದ್ದು ಕಿಟಕಿ ಪಕ್ಕದ ಸೀಟು. ಇಡೀ ದಾರಿ ಹೊರಗೆ ನೋಡಲು ನಾಚಿಕೆಯಾಯಿತು. ಇಳಿದ ಮೇಲೆ ಹದಿನಾಲ್ಕು ದಿನ ಒಂದು ಹಾಸ್ಟೆಲಿನಲ್ಲಿ ಕೂಡಿಟ್ಟರು. ಗಂಟಲಿಗೆ ಕಡ್ಡಿ ಹಾಕಿ ಮೂರು ಸಲ ಪರೀಕ್ಷೆ ಮಾಡಿದರು. ಎರಡು ಸಲವೂ ಇರಬಹುದು. ಎದೆಗೆ ವೈರು ಅಂಟಿಸಿ ಕಾಗದ ಎಳೆದರು. ಕೊನೆಗೆ ನನ್ನಲ್ಲಿ ಯಾವ ದೋಷವೂ ಇಲ್ಲವೆಂದು ಬರೆದುಕೊಟ್ಟರು. ನನ್ನ ಬಗ್ಗೆ ಒಬ್ಬರು ಇಂಥ ಮಾತು ಬರೆದುಕೊಟ್ಟದ್ದು ಅದೇ ಮೊದಲು. ಅದನ್ನು ನೋಡಿದ ಮೇಲೆ ಮಂಜುಳಾಗೆ ಟವೆಲ್ಲಿನ ಕಥೆ ನಿಜವೆಂದು ಗೊತ್ತಾಯಿತು. ಆಮೇಲೆ ಒಂದು ವಾರ ಅವಳು ನನ್ನ ಹತ್ತಿರ ಮಾತಾಡಲಿಲ್ಲ.

ಆಷಾಢಕ್ಕೆ ಎರಡು ದಿನ ಉಳಿದಿತ್ತು. ಭಾವಮೈದುನನ ಬೈಕು ಇಸಿದುಕೊಂಡು, ಸೂಟ್‌ಕೇಸನ್ನು ಹಿಂದೆ ಕಟ್ಟಿ, ಮೇಲುಕೋಟೆಯ ಮೇಲೆ ಹಾದು ಹೊಣಕೆರೆಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮಾಸ್ಕಿನ ಒಳಗೇ ಉರು ಹೊಡೆದೆ. ಶಿವರಾಜು ಬರುತ್ತಿಲ್ಲ ಎಂಬುದು ಅವನ ಫೋನಿನಿಂದ ಆ ಮನೆಗೆ ಆಗಲೇ ತಿಳಿದಿತ್ತು. ಒಬ್ಬರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಆ ಒಬ್ಬರು ಜಗಲಿಯ ಮೇಲೆ ಒಬ್ಬರೇ ಕೂತಿದ್ದರು.

ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ಸೂಟ್‌ಕೇಸು ನೋಡಿದಳು, ಮಾಸ್ಕು ನೋಡಿದಳು. ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಮುಟ್ಟಬಾರದು ಅಜ್ಜಿ ಎಂದು ನಾನು ಹಿಂದೆ ಎಳೆದಷ್ಟೂ ಆಕೆ ಬಿಗಿಯಾಗಿ ಹಿಡಿದಳು.

"ಬಂದ್ಯಾ ನನ್ನಪ್ಪ. ನಾನು ಕಣ್ಮುಚ್ಚೋಕ್ ಮುಂಚೆ ಬಂದ್ಬುಟ್ಟೆ, ಅಷ್ಟೇ ಸಾಕು," ಎಂದು ನನ್ನ ತಲೆ ಸವರಿದಳು. ಸವರಿ ಸ್ವಲ್ಪ ಯೋಚಿಸಿದಳು. "ಪೋಟೋದಲ್ಲಿ ಕೂದ್ಲಿತ್ತಲ್ಲ ಮಗಾ?"

ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು. ಮರಳುಗಾಡಿನ ಬಿಸಿಲು ಅಜ್ಜಿ ಎಂದೆ. ಈಗ ಯಾಕೆ ಹಾಗೆಂದೆ ಎಂದು ಕೇಳಬೇಡಿ. ಆಕೆ ನಂಬಿದಳು, ಮತ್ತು ಕೂದಲಿನದೇನು ಬಿಡು ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಒಳಗಿಂದ ಸವಿತಾ, ಅವಳ ಹಿಂದೆ ಅವಳ ತಂದೆ ಬಂದರು. ನನ್ನ ಫೋನು ನಂಬಿ ಚಪ್ಪರಕ್ಕೆ ಹೇಳಿ, ಆಮೇಲೆ ಬೇಡವೆಂದು ಬಿಡಿಸಿದ್ದವರು ಅವರೇ. "ಅಂಗಾರೆ ಅವನ ಸೀಟಲ್ಲಿ ನೀನ್ ಬಂದೆ ಅನ್ನಪ್ಪ," ಎಂದಷ್ಟೇ ಹೇಳಿ ಜಗಲಿಯ ತುದಿಯಲ್ಲಿ ಕೂತರು. ನಾನು ಎಲ್ಲವನ್ನೂ ಹೇಳಿದೆ. ಟವೆಲ್ಲಿನಿಂದ ಹಿಡಿದು ಎದೆಯ ಸುತ್ತಮುತ್ತಲಿನ ನೋವಿನವರೆಗೂ ಹೇಳಿದೆ. ಸಾಕ್ಷಿಗೆಂದು ಶಿವರಾಜನ ಫಾರಂನ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಸವಿತಾ ಶಾಲೆಯಲ್ಲಿ ಪಾಠ ಹೇಳುವವಳು. ಉತ್ತರ ಪತ್ರಿಕೆ ನೋಡುವ ಹಾಗೆ ಒಂದೊಂದೇ ಸಾಲು ನೋಡಿದಳು.

"ಕಾರಣ, ಇತರೆ," ಎಂದು ಓದಿದಳು. "ಇತರೆ ಅಂದ್ರೆ ನಾನಾ?"

ಮದುವೆಗೆ ಅದರಲ್ಲಿ ಜಾಗವೇ ಇರಲಿಲ್ಲವಮ್ಮ ಎಂದೆ.

"ನಿಮ್ಮ ಎದೆಗೆ ಇತ್ತಲ್ಲ."

ನಾನು ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಳ್ಳಲು ನೋಡಿದೆ. ಅದು ಅಷ್ಟು ದೊಡ್ಡದಿರಲಿಲ್ಲ. ಅವಳು ಸೂಟ್‌ಕೇಸು ತೆಗೆಸಿ ಸೀರೆ ನೋಡಿದಳು, ಅಂಚು ತಿರುಗಿಸಿ ನೋಡಿದಳು, ಗಡಿಯಾರವನ್ನು ಕಿವಿಗೆ ಹಿಡಿದಳು. ಆಮೇಲೆ ತಂದೆಯ ಕಡೆ ತಿರುಗದೆಯೇ, "ಕಾಯ್ತೀನಿ ಅಂತ ಯೋಳಿ ಅವರ್ಗೆ," ಎಂದಳು. ತಂದೆ ಎದ್ದು ಕೊಟ್ಟಿಗೆಗೆ ಹೋದರು. ನನ್ನ ಜೀವಮಾನದಲ್ಲಿ ಅಷ್ಟು ದೊಡ್ಡ ಉಸಿರು ಬಿಟ್ಟದ್ದು ಬೇರೆ ನೆನಪಿಲ್ಲ.

ಉಳಿದದ್ದು ಅಜ್ಜಿಯ ವಿಷಯ. ಆಕೆ ಜಗಲಿಯ ಇನ್ನೊಂದು ತುದಿಯಲ್ಲಿ, ನಮ್ಮ ಮಾತು ಕೇಳಿಸದಷ್ಟು ದೂರದಲ್ಲಿ, ನನ್ನನ್ನೇ ನೋಡಿ ನಗುತ್ತಿದ್ದಳು. ಹೇಳಿಬಿಡುತ್ತೇನೆ ಎಂದು ಎದ್ದೆ. ಸವಿತಾ ಕೈ ಅಡ್ಡ ತಂದಳು. "ಈಗ ಬ್ಯಾಡಿ. ಎಷ್ಟೋ ದಿನದ್ಮೇಲೆ ನಗ್ತಾವ್ಳೆ. ನಾನೇ ಯೋಳ್ತೀನಿ, ಒಂದೆರಡ್ ದಿನ ಬುಡಿ." ನಾನು ಮಜ್ಜಿಗೆ ಕುಡಿದು, ಮದುಮಗನ ಗತ್ತಿನಲ್ಲಿ ಅಜ್ಜಿಗೆ ಕೈಮುಗಿದು, ಬೈಕು ಹತ್ತಿದೆ.

ಶ್ರಾವಣದ ಮೊದಲ ವಾರ ಅಜ್ಜಿ ಹೋಗಿಬಿಟ್ಟಳು. ಸುದ್ದಿ ಕೇಳಿದ ಕೂಡಲೇ ನಾನು ಓಡಿದ್ದು ಮತ್ತೆ ಗಂಟಲ ಪರೀಕ್ಷೆಗೆ. ನನ್ನಿಂದಲ್ಲ, ಯಾವ ಕಾಯಿಲೆಯಿಂದಲೂ ಅಲ್ಲ, ವಯಸ್ಸು ಎಂದು ಅವರ ಮನೆಯವರೇ ಹೇಳಿ ಕಳಿಸಿದರು. ಶಿವರಾಜನಿಗೆ ಸೀಟು ಸಿಕ್ಕಿದ್ದು ಅದಾದ ಎಷ್ಟೋ ದಿನಕ್ಕೆ. ಕಾರ್ತಿಕದಲ್ಲಿ ಮನೆ ಮುಂದಿನ ಚಪ್ಪರದಲ್ಲೇ ಧಾರೆ ಆಯಿತು. ಗಂಡು ಹೆಣ್ಣು ಇಬ್ಬರೂ ನನ್ನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ಶಿವರಾಜು ಈಗ ಟವೆಲ್ಲಿನ ಕಥೆಯನ್ನು ನನಗಿಂತ ಚೆನ್ನಾಗಿ ಹೇಳುತ್ತಾನೆ. ಅವನ ಕಥೆಯಲ್ಲಿ ಅಜ್ಜಿ ಬರುವುದಿಲ್ಲ.

ಆ ಒಂದೆರಡು ದಿನದಲ್ಲಿ ಸವಿತಾ ಅಜ್ಜಿಗೆ ನಿಜ ಹೇಳಿದಳೋ ಇಲ್ಲವೋ. ಹೇಳಿದ್ದರೆ ಸರಿ. ಹೇಳದಿದ್ದರೆ, ಮೊಮ್ಮಗಳನ್ನು ನಲವತ್ತಾರು ದಾಟಿದ, ಬೋಳುತಲೆಯ, ಆಗಲೇ ಹೆಂಡತಿಯಿರುವ ಒಬ್ಬನಿಗೆ ಒಪ್ಪಿಸಿದೆವೆಂಬ ನೆಮ್ಮದಿಯಲ್ಲಿ ಆಕೆ ಕಣ್ಣು ಮುಚ್ಚಿದ್ದಾಳೆ. ಧಾರೆಯ ದಿನ ಸವಿತಾಳನ್ನು ಕೇಳಬಹುದಿತ್ತು, ಕೇಳಲಿಲ್ಲ. ಆಮೇಲೂ ಕೇಳಿಲ್ಲ. ನನಗೆ ಗೊತ್ತಿಲ್ಲ.