ಒಂದು ಜೋಕು, ಮೂರು ನಗು

ಒಂದು ಜೋಕಿಗೆ ಮೂರು ಸಲ ನಗು ಬಿದ್ದರೆ ಯಾವ ಮೇಷ್ಟ್ರಾದರೂ ಹಿಗ್ಗಿ ಹೀರೇಕಾಯಿಯಾಗುತ್ತಾನೆ. ನನಗೋ ಮೈಯೆಲ್ಲ ಉರಿಯುತ್ತಿತ್ತು. ಸಿರಾದ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಇಂಗ್ಲಿಷ್ ಹೇಳಿಕೊಡುವವನು ನಾನು. ನಾನೊಂದು ಜೋಕು ಹೊಡೆದರೆ ಮಧುಗಿರಿ, ಕೊರಟಗೆರೆ ಕಡೆಯ ಕನ್ನಡದ ಮಕ್ಕಳು ಹೇಗೋ ಹಿಡಿದುಕೊಂಡು ನಕ್ಕುಬಿಡುತ್ತಿದ್ದರು. ಆಮೇಲೆ ನಡುಬೆಂಚಿನ ಶಬಾನಾ ಎಡಕ್ಕೆ ತಿರುಗಿ ಉರ್ದುವಿನಲ್ಲಿ ಪಿಸುಗುಡುತ್ತಿದ್ದಳು; ಅಲ್ಲೊಂದು ನಗು. ಅಜ್ಜಿಯ ಊರು ಪಾವಗಡವಾದ್ದರಿಂದ ಅವಳಿಗೆ ತೆಲುಗೂ ಬರುತ್ತದೆ. ಬಲಕ್ಕೆ ತಿರುಗಿ ತೆಲುಗಿನ ಮಕ್ಕಳಿಗೆ ಹೇಳುವಳು, ಮೂರನೆಯ ನಗು. ಅಷ್ಟರಲ್ಲಿ ನಾನು ವ್ಯಾಕರಣಕ್ಕೆ ಬಂದಿರುತ್ತಿದ್ದೆ.

ಉರ್ದು, ತೆಲುಗು ಮನೆಮಾತಿನ ಮಕ್ಕಳಿಗೆ ಪಾಠ ಒಗ್ಗಿಸಿ ಎಂದು ಪ್ರಿನ್ಸಿಪಾಲರು ಹೇಳಿದ್ದೇ ತಡ, ಮಹಾ ಬುದ್ಧಿವಂತನಾದ ನಾನು ಪಾಠದೊಳಗಿನ ಹಿಮ ಬೀಳುವ ಕಥೆ ತೆಗೆದು, ಮಕ್ಕಳಿಗೆ ಗೊತ್ತಿರುವುದಿರಲೆಂದು ಬಿರಿಯಾನಿಯ ಕಥೆ ಹಾಕಿದೆ. ಜೊತೆಗೆ, ಪಿಸುಮಾತು ಬಂದ್! ಇಂಗ್ಲಿಷಿನಲ್ಲಿ ಮುಳುಗಿಸಿದರೆ ಈಜು ತಾನಾಗಿ ಬರುತ್ತದೆಂಬುದು ನನ್ನ ಸಿದ್ಧಾಂತ. ನನಗೆ ಈಜು ಬಾರದೆಂಬುದು ಬೇರೆ ಮಾತು.

ತರಗತಿ ಗಪ್‌ಚುಪ್ಪಾಯಿತು. ಬಿರಿಯಾನಿಗೂ ಯಾರೊಬ್ಬರೂ ಬಾಯಿ ತೆರೆಯಲಿಲ್ಲ. ಕೆಲವೇ ದಿನಗಳಲ್ಲಿ ತೆಲುಗಿನ ಗುಂಪಿನ ಹುಡುಗಿ, ವಳ್ಳೂರಿನ ರಮಾದೇವಿ ಕಾಲೇಜೇ ಬಿಡುತ್ತೇನೆಂದು ಟಿ.ಸಿ. ಕೇಳಲು ಬಂದಳು. ಪಕ್ಕದಲ್ಲಿ ಮುಖ ಊದಿಸಿಕೊಂಡ ಶಬಾನಾ.

“ಏಮೀ ಅರ್ಥಂ ಕಾಲೇದು ಸಾರ್. ಸುಮ್ನೆ ಕುಂತು ಹೋಗಾಕೆ ಅಷ್ಟು ದೂರದಿಂದ ಯಾಕೆ ಬರ್ಲಿ?” ಎಂದಳು ರಮಾದೇವಿ.

“ಬಿರಿಯಾನಿ ನಮ್ಗೆ ಗೊತ್ತೈತೆ ಸಾರ್, ಹಿಮಾನೇ ಹಾಕಿ,” ಎಂದಳು ಶಬಾನಾ. “ನಂಗೆ ಮಾತಾಡಾಕೆ ಬುಟ್ಬುಡಿ. ಇವ್ಳನ್ನ ಪಾಸ್ ಮಾಡ್ಸೋದು ನನ್ ಜವಾಬ್ದಾರಿ.”

ಬಿಟ್ಟೆ. ಮಾರನೆಯ ದಿನ ಹಿಮ ಮರಳಿ ಬಂತು. ಎಡಕ್ಕೆ ಉರ್ದು, ಬಲಕ್ಕೆ ತೆಲುಗು, ಹಿಂದಿನವರು ಕೇಳಿದರೆ ಕನ್ನಡ, ಅನುಮಾನ ಬಂದರೆ ನನ್ನತ್ತ ಇಂಗ್ಲಿಷ್! ಒಂದರ ಕಾಲಿಗೆ ಇನ್ನೊಂದು ತೊಡರುತ್ತಿರಲಿಲ್ಲ. ಅಬ್ಬಬ್ಬಾ, ಹತ್ತೊಂಬತ್ತರ ಹುಡುಗಿಯ ಒಂದು ನಾಲಿಗೆಯ ಮೇಲೆ ಇಷ್ಟೆಲ್ಲ ಹೇಗೆ ಹಿಡಿಸುತ್ತದೆಯೋ! ಎರಡನ್ನೇ ಹೊತ್ತು ಏದುಸಿರು ಬಿಡುವ ನಾನು ಸೀಮೆಸುಣ್ಣ ಹಿಡಿದು ಬೆರಗಾಗಿ ನಿಂತೆ. ಕೊನೆಗೆ ರಮಾದೇವಿ ತಾನೇ ಎದ್ದು, ನಮ್ಮೂರಲ್ಲೂ ಒಂದು ದಿನ ಹಿಮ ಬೀಳಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ವಳ್ಳೂರಿನ ಬಿಸಿಲು ಬಲ್ಲ ನನಗೆ ಕಣ್ಣು ತುಂಬಿ ಬಂತು. ಟಿ.ಸಿ. ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಈಗ ಮೂರನೆಯ ನಗುವಿಗಾಗಿ ನಾನೇ ಪಾಠ ನಿಲ್ಲಿಸಿ ಕಾಯುತ್ತೇನೆ. ಮೊದಲ ನಗುವಿಗಿಂತ ಅದೇ ಜೋರು. ಮೊನ್ನೆ ರಮಾದೇವಿಯನ್ನು ಕೇಳಿಯೇಬಿಟ್ಟೆ, “ನನ್ನ ಜೋಕು ತೆಲುಗಿನಲ್ಲಿ ಅಷ್ಟು ಚೆನ್ನಾಗಿರುತ್ತದೇನಮ್ಮ?”

ಅವಳು ಸೆರಗಿನಂತೆ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. “ನಿಮ್ ಜೋಕು ಚೆನ್ನಾಗಿಲ್ದಿದ್ರೆ ಶಬಾನಾ ತನ್ನದೇ ಒಂದು ಹೇಳ್ತಾಳೆ ಸಾರ್.”

“ಚೆನ್ನಾಗಿದ್ದಾಗ?”

ಪಾಪ, ಅವಳು ಬಹಳ ಹೊತ್ತು ಯೋಚಿಸಿದಳು.

“ಅಂಗೆ ಇನ್ನೂ ಆಗಿಲ್ಲ ಸಾರ್.”