ನೀರಾರದ ತಲೆ

ಬಿ.ಎಸ್ಸಿ. ಪದವಿ ಊರಿನವರೆಲ್ಲರ ಮುಂದೆ ನೆಟ್ಟಗೆ ನಿಲ್ಲುತ್ತದೆ. ಅಆಇಈ ತಿದ್ದಿಸಿದ ಮೇಷ್ಟ್ರ ಮುಂದೆ ಮಾತ್ರ ಮತ್ತೆ ಚಡ್ಡಿ ಹಾಕಿಕೊಂಡುಬಿಡುತ್ತದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಅಪ್ಪ ತೆಂಗಿನ ಮರ ಹತ್ತಿದರು, ನಾನು ಮೆಟ್ಟಿಲು ಹತ್ತಿದೆ. ಜಾರಿ ಬೀಳುವ ಭಯ ಇಬ್ಬರಿಗೂ ಒಂದೇ. ತಿಪಟೂರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿ, ಬಾಡಿಗೆ ಮನೆಯ ಬಾಗಿಲಿಗೆ ಬಿ.ಎಸ್ಸಿ. ಎಂದು ಬರೆಸಿದ ಹಲಗೆ ಹೊಡೆದ ಮೇಲೂ ಆ ಭಯ ಹೋಗಿರಲಿಲ್ಲ.

ನಮ್ಮೂರು ಹಾಲ್ಕುರಿಕೆಯಲ್ಲಿ ನನಗೆ ಕಲಿಸಿದವರು ಮರುಳಯ್ಯ ಮೇಷ್ಟ್ರು. ನಮ್ಮ ಕಡೆ ಕೊಬ್ಬರಿಗೆಂದು ತೆಂಗಿನಕಾಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತೇವೆ. ಆಗಾಗ ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತೇವೆ. ಒಳಗಿನ ನೀರು ಆರಿ ಕೊಬ್ಬರಿ ಗಡಗಡ ಎಂದರೆ ಒಡೆಯಲು ಸಿದ್ಧ. ಮೇಷ್ಟ್ರು ಇದನ್ನೇ ನಮ್ಮ ತಲೆಗೆ ಮಾಡುತ್ತಿದ್ದರು. ಲೆಕ್ಕ ತಪ್ಪಿದರೆ ಹೊಡೆಯುತ್ತಿರಲಿಲ್ಲ, ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಅಲ್ಲಾಡಿಸಿ, ಕಿವಿಗೊಟ್ಟು, “ಊಹೂಂ, ಇನ್ನೂ ನೀರೈತೆ ಕಣ್ಲಾ. ಅಟ್ಟಕ್ಕೆ ಹೋಗು” ಎನ್ನುತ್ತಿದ್ದರು. ಅಟ್ಟ ಎಂದರೆ ಹಿಂದಿನ ಸಾಲು. ಏಟಾಗಿದ್ದರೆ ಸಂಜೆಗೆ ಮರೆತುಹೋಗುತ್ತಿತ್ತು, ಇದು ಮರೆಯಲಿಲ್ಲ. ಕಾಲೇಜಿನಲ್ಲಿ ಓದುವಾಗಲೂ ಒಂದು ಪಾಠ ಮುಗಿಸಿ, ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿ, ತಲೆ ಅಲ್ಲಾಡಿಸಿಕೊಂಡವನು ನಾನು.

ಆ ಮೇಷ್ಟ್ರು ಭಾನುವಾರ ನಮ್ಮ ಮನೆಗೆ ಬರುತ್ತಾರೆಂದು ಊರಿನವರೊಬ್ಬರು ಹೇಳಿದರು. ಯಾಕೆ ಎಂದೆ. “ರಿಟೈರಾಗಿ ಸುಮ್ನೆ ಕೂರಕ್ಕಾಗಲ್ವಂತೆ. ಅದೇನೋ ಹೊಸ ಗಣಿತ ಬಂದೈತಂತಲ್ಲ, ನಿನ್ ತಾವ ಕಲೀಬೇಕಂತೆ ಕಣಪ್ಪ.”

ಸೆಟ್ ಥಿಯರಿಯ ಗಣ, ಉಪಗಣ, ಶೂನ್ಯಗಣ ಎಂಬ ಹೊಸ ಪಾಠಗಳು ಆಗತಾನೆ ಬಂದಿದ್ದವು. ಗೈಡು ನೋಡಿಕೊಂಡು, ಮಕ್ಕಳಿಗಿಂತ ಒಂದು ಪುಟ ಮುಂದೆ ಓಡುತ್ತಾ ಕಲಿಸುತ್ತಿದ್ದೆ. ಯಾರಾದರೂ “ಯಾಕೆ ಸಾರ್?” ಎಂದರೆ, “ಪರೀಕ್ಷೆಗೆ ಬರುತ್ತೆ, ಬರ್ಕೊ” ಎನ್ನುತ್ತಿದ್ದೆ. ಮೇಷ್ಟ್ರಿಗೆ ಯಾವ ಪರೀಕ್ಷೆ? ಹೆಂಡತಿ ಗಿರಿಜೆಯ ಎದುರೇ ಅವರು ನನ್ನ ತಲೆ ಹಿಡಿದು ಅಲ್ಲಾಡಿಸಿದರೆ ಬಾಗಿಲ ಹಲಗೆಯ ಗತಿ ಏನು? “ಭಾನುವಾರ ನಿಮ್ಮಮ್ಮನ ಮನೆಗೆ ಹೋಗಿ ಬಾರೇ” ಎಂದೆ.

“ಹಬ್ಬಕ್ಕೇ ಕಳಿಸ್ದೇ ಇರೋರಿಗೆ ಇವತ್ತೇನ್ರೀ ಇಷ್ಟು ಧಾರಾಳ? ನಾನೆಲ್ಲೂ ಹೋಗಲ್ಲ. ಮೇಷ್ಟ್ರಿಗೆ ಒಬ್ಬಟ್ಟು ಮಾಡ್ತೀನಿ” ಎಂದಳು.

ಮೇಷ್ಟ್ರು ಬಂದರು. ಕನ್ನಡಕ ಏರಿಸಿ ಹಲಗೆ ಓದಿದರು. ಒಬ್ಬಟ್ಟು ತಿಂದರು. ಚೀಲದಿಂದ ಸ್ಲೇಟು ತೆಗೆದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಕುರ್ಚಿಯಲ್ಲಿ ಕೂರಲಾರದೆ, ಅವರ ಪಕ್ಕದಲ್ಲೂ ಕೂರಲಾರದೆ ನಾನು ನಿಂತೇ ಶುರುಮಾಡಿದೆ. ಗಣ ದಾಟಿತು. ಉಪಗಣವೂ ದಾಟಿತು. “ಶೂನ್ಯಗಣ ಎಲ್ಲ ಗಣಗಳಿಗೂ ಉಪಗಣ” ಎಂದು ಒಂದೇ ಉಸಿರಿಗೆ ಹೇಳಿ ಮುಂದಕ್ಕೆ ಓಡಲು ನೋಡಿದೆ.

“ನಿಲ್ಲಲಾ ಸಿದ್ಲಿಂಗ. ಏನೂ ಇಲ್ದಿರೋದು ಎಲ್ಲದ್ರೊಳಗೂ ಹೆಂಗೈತೆ? ಯಾಕೆ?”

ಇವರಿಗೆ ‘ಪರೀಕ್ಷೆಗೆ ಬರುತ್ತೆ’ ಎನ್ನುವ ಹಾಗಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಗಿರಿಜೆ ನಿಂತಿದ್ದಳು. “ಗೊತ್ತಿಲ್ಲ ಮೇಷ್ಟ್ರೇ” ಎಂದವನೇ ಬಗ್ಗಿ ತಲೆ ಒಡ್ಡಿದೆ.

ಅವರು ಮುಟ್ಟಲಿಲ್ಲ. ಸ್ಲೇಟು ಕೆಳಗಿಟ್ಟು ತಮ್ಮ ತಲೆಯನ್ನೇ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. “ನಂದೂ ನೀರೇ ಕಣ್ಲಾ! ಬುಡು, ಒಳ್ಳೇದೇ ಆಯ್ತು. ಗಡಗಡ ಅಂದ್ರೆ ಒಡೆದಾಕ್ತಾರೆ. ಸಸಿಗೆ ಇಡೋದು ನೀರಿರೋ ಕಾಯ್ನೇ ಅಲ್ವಾ? ನೀನು ತಿಳ್ಕೊಂಡಿರು. ಬರೋ ಭಾನುವಾರ ಬತ್ತೀನಿ.”

ಬಂದಿದ್ದ ಸಮಾಧಾನವೆಲ್ಲ ಆ ಕೊನೆಯ ಮಾತಿಗೆ ಹಾರಿಹೋಯಿತು. ಸೋಮವಾರ ಕ್ಲಾಸಿನಲ್ಲಿ ಹುಡುಗಿಯೊಬ್ಬಳು ಎದ್ದು “ಯಾಕೆ ಸಾರ್?” ಎಂದಾಗ, ಮೊದಲ ಸಲ “ಗೊತ್ತಿಲ್ಲ ಕಣಮ್ಮ, ಇಬ್ಬರೂ ಹುಡುಕೋಣ” ಎಂದೆ. ಅದೇ ಯೋಚನೆಯಲ್ಲಿ ಮನೆಗೆ ಬಂದರೆ, ತರಬೇಕಾಗಿದ್ದ ಉಪ್ಪು ಮರೆತೇ ಹೋಗಿತ್ತು. ಗಿರಿಜೆ ಏನೂ ಬಯ್ಯಲಿಲ್ಲ. ಹತ್ತಿರ ಬಂದು ಎರಡೂ ಕೈಯಲ್ಲಿ ನನ್ನ ತಲೆ ಹಿಡಿದು, ಅಲ್ಲಾಡಿಸಿ, ಕಿವಿಗೊಟ್ಟು ಕೇಳಿ ಹೇಳಿದಳು:

“ಸಸಿಗೆ ಇಡಬೋದು ಕಣ್ರೀ.”