ಡಾಲರ್‌ಗೊಂದು ಬಾಡಿಗೆ ಹೊಲ

ಒಂದು ಒಗಟು ಹೇಳುತ್ತೇನೆ, ಬಿಡಿಸಿ. ಒಳಗೆ ಹೋಗುವಾಗ ಬಿಳಿ, ಹೊರಗೆ ಬರುವಾಗ ಕೆಂಪು. ತೂಕದ ಚೀಟಿ ಇದೆ, ಪರ್ಮಿಟ್ ಇಲ್ಲ. ಕಾಲು ನಾಲ್ಕಿದ್ದರೂ ಓಡುವುದಿಲ್ಲ. ಏನದು?

ಲಾರಿ ಅನ್ನುತ್ತೀರಿ. ನಮ್ಮ ಕಡೆ ಎಲ್ಲರೂ ಹಾಗೇ ಅಂದರು. ಅಲ್ಲ. ಬಿಡಿ, ನಿಮ್ಮಿಂದ ಆಗುವುದಿಲ್ಲ. ನಮ್ಮ ಹೈಸ್ಕೂಲಿನ ಮೇಷ್ಟ್ರಿಂದಲೇ ಆಗಲಿಲ್ಲ. ಅದು ನಾಯಿ. ಚೀನಾಕ್ಕೆ ಅದಿರು ಹೋಗಲು ಶುರುವಾದ ಮೇಲೆ ಕುರೆಕುಪ್ಪದ ಸುತ್ತ ಇಂಥವು ವಾರಕ್ಕೊಂದು ನಡೆಯುತ್ತವೆ. ನಾನು ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು ಎದ್ದು ಬಂದವನು, ಸೋದರಮಾವನ ಹೊಲದ ಗೇಟು ಕಾಯುವುದೇ ಸದ್ಯದ ನೌಕರಿ. ಹಾಗಾಗಿ ಇದೆಲ್ಲ ನನ್ನ ಕಣ್ಣೆದುರೇ ನಡೆಯಿತು.

೧. ಗೋಡೆ ಕಟ್ಟಿದ ಹೊಲ

ಮೊದಲು ಅಲ್ಲಿ ಮಾವ ಜೋಳ ಬೆಳೆಯುತ್ತಿದ್ದ. ಅದಿರು ಸುರಿಯಲು ಜಾಗ ಬೇಕೆಂದು ಯಾರೋ ಕೇಳಿದ್ದೇ ತಡ, ಜೋಳ ಕಿತ್ತು ಸುತ್ತಲೂ ಎರಡಾಳೆತ್ತರದ ಗೋಡೆ ಎಬ್ಬಿಸಿದ. ಕಬ್ಬಿಣದ ಗೇಟು ಇಟ್ಟ. ಗೇಟಿನ ಬಾಯಲ್ಲೇ ಲಾರಿ ತೂಗುವ ಕಾಟಾ ಹಾಕಿಸಿದ. ನಾಲ್ಕು ತಿಂಗಳು ಅದಿರು ಬಂತು. ಆಮೇಲೆ ಅವರಿಗೆ ರೈಲು ಹಳಿಯ ಹತ್ತಿರ ಜಾಗ ಸಿಕ್ಕಿ ಹೋಗಿಬಿಟ್ಟರು. ಮೂಲೆಯಲ್ಲಿ ಅದಿರಿನ ಪುಡಿಯ ಒಂದು ಗುಡ್ಡೆ ಮಾತ್ರ ಉಳಿಯಿತು.

ಒಂದು ಬೆಳಿಗ್ಗೆ ಉದ್ದನೆಯ ಎಸಿ ಕಾರು ಬಂದು ನಿಂತಿತು. ಇಳಿದವರು ಕಂಪ್ಲಿ ಕಡೆಯ ಸಣಕಲು ಮನುಷ್ಯ. ಹೊಸಪೇಟೆಯ ಗಣಿ ಸಾಹುಕಾರರೊಬ್ಬರ ನಾಯಿ ನೋಡಿಕೊಳ್ಳುವುದು ಅವರ ಕೆಲಸ. ನಾನು ಅವರಿಗೆ ಅವತ್ತೇ ನಾಯಿ ಅಣ್ಣ ಎಂದು ಹೆಸರಿಟ್ಟೆ.

“ದಿನಾ ಮುಂಜಾನಿ ಒಂದ್ ತಾಸು ನಿಮ್ಮ ಹೊಲ ಬಾಡಿಗಿಗೆ ಬೇಕ್ರಿ,” ಅಂದರು.

“ಒಂದ್ ತಾಸಿನಾಗ ಏನ್ ಬಿತ್ತೀರಿ?” ಅಂದ ಮಾವ.

“ಬಿತ್ತಾಕಲ್ರಿ. ನಾಯಿ ಓಡಾಕ.”

“ನಮ್ಮೂರ ನಾಯಿಗಳು ಇಡೀ ತಾಲ್ಲೂಕು ಪುಕ್ಕಟೆ ಓಡ್ತಾವಲ್ರಿ.”

ನಾಯಿ ಅಣ್ಣ ನಗದೆ ಕಾರಣ ಹೇಳಿದರು. ಹೊರಗೆ ಬಿಟ್ಟರೆ ಲಾರಿ ಕೆಳಗೆ ಹೋಗುತ್ತದೆ, ಇಲ್ಲವೇ ಬೀದಿನಾಯಿಗಳು ಮುತ್ತುತ್ತವೆ. ಬಂಗಲೆಯಲ್ಲಿ ಗ್ರಾನೈಟ್ ನೆಲ, ಕಾಲು ಜಾರುತ್ತದೆ. ಮೈ ಬಂದು ಹಿಂಗಾಲು ಸೋಲುತ್ತಿವೆ. ದಿನಾ ಬಯಲಲ್ಲಿ ಬಿಟ್ಟು ಓಡಿಸಿ ಎಂದು ಬಳ್ಳಾರಿಯ ಡಾಕ್ಟರು ಹೇಳಿದ್ದಾರೆ. ಒಂದು ತಿಂಗಳಾದ ಮೇಲೆ ಸಾಹುಕಾರರೇ ಬಂದು ನೋಡುತ್ತಾರೆ. ಓಡಿದರೆ ಸರಿ. ಓಡದಿದ್ದರೆ ನಾಯಿಯನ್ನು ಗಣಿಯ ಗೇಟಿಗೆ ಕಟ್ಟಿಸುತ್ತಾರೆ, ಇವರು ಕಂಪ್ಲಿ ಬಸ್ಸು ಹತ್ತಬೇಕು.

“ನನ್ನ ಕೆಲಸ ಹೋದ್ರ ಹೋಗ್ಲಿ. ಇದನ್ನ ಬಿಸಿಲಾಗ ಕಟ್ಟಿದ್ರ ಆರ್ ತಿಂಗ್ಳು ಬದುಕಂಗಿಲ್ರಿ,” ಅಂದು ಕಾರಿನ ಹಿಂಬಾಗಿಲು ತೆಗೆದರು.

ಡಾಲರ್ ಇಳಿಯಿತು. ಮೊದಲು ತಲೆ ಬಂತು, ಆಮೇಲೆ ಬಹಳ ಹೊತ್ತು ನಾಯಿ ಬರುತ್ತಲೇ ಇತ್ತು. ಕರುವಿನಷ್ಟು ಎತ್ತರ. ಬಣ್ಣ ಹಾಲಿನಷ್ಟು ಬಿಳಿ. ಅದಿರಿನ ಧೂಳಿಗೆ ನಮ್ಮಲ್ಲಿ ಬಿಳಿ ಅನ್ನುವುದೇ ಉಳಿದಿರಲಿಲ್ಲ. ಎತ್ತು ಕೆಂಪು, ಕೊಕ್ಕರೆ ಕೆಂಪು, ಒಣಹಾಕಿದ ಪಂಚೆ ಕೆಂಪು. ಮಾವ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ನನ್ನ ಕಡೆ ತಿರುಗಿ ಮೆಲ್ಲಗೆ ಅಂದ:

“ಲೇ, ಅವ್ರಿಗೆ ಕುಂದ್ರಾಕ ಏನರ ಹಾಕಲೇ.”

೨. ಕಾಟಾ

ಮಾವನ ಹೊಲಕ್ಕೆ ಒಂದೇ ಕಾನೂನು. ಗೇಟು ದಾಟಿದ್ದೆಲ್ಲ ಹೋಗುವಾಗಲೂ ಬರುವಾಗಲೂ ತೂಕವಾಗಬೇಕು. ಅದಿರು ಕಳ್ಳರಿಗೆಂದು ಮಾಡಿದ್ದು. ಅದಿರು ಹೋದರೂ ಕಾನೂನು ಉಳಿಯಿತು. ಅತ್ತೆ ಬುತ್ತಿ ತಂದಾಗ ಅವಳನ್ನೂ ತೂಗಿ ಚೀಟಿ ಕೊಟ್ಟ. ಅವತ್ತಿನಿಂದ ಬುತ್ತಿ ನಾನೇ ತರುತ್ತೇನೆ.

ನಾಯಿ ಅಣ್ಣನಿಗೆ ಮಾತ್ರ ಇದು ಅನುಕೂಲವೇ ಆಯಿತು, ಡಾಲರ್ ನಿಲ್ಲುವಂಥ ತಕ್ಕಡಿ ಬೇರೆಲ್ಲೂ ಇರಲಿಲ್ಲ. ಆದರೆ ಲಾರಿಯ ಕಾಟಾ ಇಪ್ಪತ್ತಿಪ್ಪತ್ತು ಕೆಜಿಗೇ ಹಾರುತ್ತದೆ, ನಡುವಿನದು ಅದಕ್ಕೆ ಲೆಕ್ಕಕ್ಕಿಲ್ಲ. ಮೊದಲ ದಿನ ಎಂಬತ್ತು ತೋರಿಸಿತು. ಎರಡನೆಯ ದಿನ ನಾನು ಸದ್ದಿಲ್ಲದೆ ಹಿಂದಿನಿಂದ ಹತ್ತಿ ನಿಂತೆ. ನೂರಿಪ್ಪತ್ತು.

ನಾಯಿ ಅಣ್ಣ ಅಲ್ಲೇ ಕುಸಿದು ಕೂತರು. “ನಿನ್ನೆ ಇದಕ್ಕ ಎರಡ ಮೊಟ್ಟಿ ಹಾಕಿದ್ನಲ್ಲಪ್ಪ.”

ಮಾವ ಕಾಟಾದ ಕೋಣೆಯ ಕಿಟಕಿಯಿಂದ ಇಣುಕಿ ಕೇಳಿದ: “ಯಾವ ಹಕ್ಕೀ ಮೊಟ್ಟಿರೀ?”

೩. ಓಡಿದವರು ಯಾರು

ಬೆಲ್ಟು ಬಿಚ್ಚಿದರೂ ಡಾಲರ್ ಓಡಲಿಲ್ಲ. ಅದು ಮಣ್ಣನ್ನೇ ತುಳಿದಿರಲಿಲ್ಲ. ಒಂದು ಕಾಲು ಊರಿತು, ಬಿಸಿ ಹೆಂಚು ತಾಗಿದಂತೆ ಎತ್ತಿತು, ಬಗ್ಗಿ ಮೂಸಿತು. ಆಮೇಲೆ ಇನ್ನೊಂದು ಕಾಲು. ನಾಲ್ಕೂ ಕಾಲಿಗೆ ಮಣ್ಣಿನ ಪರಿಚಯವಾಗಲು ಮೂರು ದಿನ ಹಿಡಿಯಿತು. ಅಷ್ಟು ದೊಡ್ಡ ಪ್ರಾಣಿಗೆ ಅಷ್ಟು ಸಣ್ಣ ಭಯ. ನಾನು ಕೀಟಲೆ ಮರೆತು ಗೇಟಿಗೆ ಒರಗಿ ನೋಡುತ್ತಿದ್ದೆ.

ಪರಿಚಯವಾದ ಮೇಲೆ ಕೂತುಬಿಟ್ಟಿತು. ನಾಯಿ ಅಣ್ಣ ಮುಂದೆ ಮುಂದೆ ಓಡುತ್ತ, ಹಿಂದಕ್ಕೆ ಮುಖ ತಿರುಗಿಸಿ, “ಬಾ ಡಾಲರ್, ಬಾರೋ ನನ್ನಪ್ಪ,” ಎಂದು ಕರೆಯುತ್ತಿದ್ದರು. ಅವರು ಹೋದ ಕಡೆಗೆಲ್ಲ ಡಾಲರ್ ಕತ್ತು ತಿರುಗಿಸಿ ನೋಡುತ್ತಿತ್ತು.

“ಅಣ್ಣ, ತಾನು ನಿಮ್ಮನ್ನ ಓಡ್ಸಾಕ ಬಂದೀನಿ ಅಂತ ತಿಳ್ಕಂಡೈತಿ ಅದು,” ಅಂದೆ.

“ಸುಮ್ನಿರಲೇ,” ಅಂದು ಇನ್ನೊಂದು ಸುತ್ತು ಹೊರಟರು.

ಎರಡು ವಾರದ ಮೇಲೆ ಇಬ್ಬರನ್ನೂ ಕಾಟಾ ಹತ್ತಿಸಿದೆವು. ಡಾಲರ್ ಎಂಬತ್ತರಲ್ಲೇ ಇತ್ತು. ಅರವತ್ತಿದ್ದ ನಾಯಿ ಅಣ್ಣ ನಲವತ್ತಕ್ಕೆ ಇಳಿದಿದ್ದರು.

೪. ಪರ್ಮಿಟ್

ಮೂರನೆಯ ವಾರ ಒಂದು ಮಳೆ ಬಿತ್ತು. ಡಾಲರ್ ತಾನಾಗಿ ಎದ್ದು, ಮದುವೆಮನೆಗೆ ಬಂದ ಹಿರಿಯರಂತೆ ನಿಧಾನವಾಗಿ ನಡೆದು, ಮೂಲೆಯ ಅದಿರಿನ ಗುಡ್ಡೆಗೆ ಹೋಗಿ ಹೊರಳಾಡಿತು. ಎದ್ದಾಗ ಕಣ್ಣೆರಡು ಬಿಟ್ಟು ಉಳಿದದ್ದೆಲ್ಲ ಕೆಂಪು. ಸಂಡೂರಿನ ಗುಡ್ಡದ ಒಂದು ತುಂಡು ಕಿತ್ತುಬಂದು ಬಾಲ ಅಲ್ಲಾಡಿಸುತ್ತಿದೆ ಅನ್ನಿಸಿತು.

ಹೊರಗೆ ಹೋಗುವಾಗ ಕಾಟಾ ನೂರು ತೋರಿಸಿತು. ಈ ಸಲ ನಾನು ಹತ್ತಿರಲಿಲ್ಲ, ದೇವರಾಣೆ. ಮಾವ ಗೇಟಿಗೆ ಅಡ್ಡ ನಿಂತ.

“ಪರ್ಮಿಟ್ ತೋರಸ್ರಿ.”

“ನಾಯಿಗೇನ್ ಪರ್ಮಿಟ್ರಿ?”

“ನಾಯಿಗಲ್ಲ, ಮಾಲಿಗೆ. ಇಪ್ಪತ್ ಕೆಜಿ ಅದಿರು ಹಂಗ ಹೆಂಗ ಬಿಡ್ಲಿ?”

“ಗಣಿ ಸಾಹುಕಾರ್ರ ನಾಯಿ ರೀ ಇದು.”

“ಅದಕ್ಕ ಕೇಳಾಕತ್ತೀನಿ.”

ಕೊನೆಗೆ ಮಾವನೇ ಪೊರಕೆ ತಂದು ಡಾಲರ್‌ನ ಮೈ ಗುಡಿಸಿದ. ಅದು ಕಣ್ಣು ಮುಚ್ಚಿಕೊಂಡು, ಒಂದು ಮಗ್ಗುಲಾದ ಮೇಲೆ ತಾನೇ ಇನ್ನೊಂದು ಮಗ್ಗುಲು ಕೊಟ್ಟಿತು. ಉದುರಿದ ಪುಡಿಯನ್ನು ಮಾವ ಬುಟ್ಟಿಯಲ್ಲಿ ಹೊತ್ತು ಗುಡ್ಡೆಗೆ ಸುರಿದು ಬಂದು, ಕಾಟಾ ಎಂಬತ್ತು ತೋರಿಸಿದ ಮೇಲೆಯೇ ಗೇಟು ತೆಗೆದ. ಮೈ ಮಾತ್ರ ಕೆಂಪಗೇ ಉಳಿಯಿತು. ಬಣ್ಣಕ್ಕೆ ಪರ್ಮಿಟ್ ಬೇಕಿಲ್ಲ ಅಂದ.

೫. ಸಾಹುಕಾರರು ಬಂದ ದಿನ

ತಿಂಗಳು ತುಂಬಿತು. ಸಾಹುಕಾರರ ಕಾರು ಹೊಲದ ನಟ್ಟನಡುವೆ ಬಂದು ನಿಂತಿತು. ಬಿಳಿ ಅಂಗಿ, ಬಿಳಿ ಪಂಚೆ, ಬಿಳಿ ಚಪ್ಪಲಿ. ಮಾವ ಅವರನ್ನು ತೂಗಲಿಲ್ಲ, ಕಾನೂನು ಅದೊಂದು ಸಲ ಕಣ್ಣು ಮುಚ್ಚಿತು.

“ಹೂಂ, ಓಡ್ಸಪ್ಪ,” ಅಂದರು.

ನಾಯಿ ಅಣ್ಣ ಒಂದು ಸುತ್ತು ಓಡಿದರು. ಡಾಲರ್ ಕೂತಿತ್ತು. ಎರಡನೆಯ ಸುತ್ತು ಓಡಿದರು. ಕೂತೇ ಇತ್ತು.

“ನೀನು ಛಲೋ ಓಡ್ತಿ. ಅದು ಯಾವಾಗ ಓಡ್ತೈತಿ?”

ನಾಯಿ ಅಣ್ಣ ಬೆವರು ಒರೆಸಿಕೊಂಡು ಬಂದು ಬೆಲ್ಟನ್ನು ಸಾಹುಕಾರರ ಕೈಗೆ ಕೊಟ್ಟರು. “ತಪ್ಪು ನಂದ್ರಿ ಧಣಿ, ಅದರದ್ದಲ್ಲ. ಮುಂಜಾನಿ ಹಾಲಿಗೆ ಒಂಚೂರು ನೀರು ಬೆರಸಾಕ ಹೇಳ್ರಿ, ಗಟ್ಟಿ ಹಾಲು ಅದಕ್ಕ ಆಗಿ ಬರಂಗಿಲ್ಲ. ಬಿಸಿಲಿಗೆ ಕಟ್ಟಬ್ಯಾಡ್ರಿ, ಅಷ್ಟ.”

ಅಷ್ಟು ಹೇಳಿ ಗೇಟಿನ ಕಡೆ ನಡೆದರು. ಓಡಲಿಲ್ಲ, ಕರೆಯಲಿಲ್ಲ, ತಿರುಗಿ ನೋಡಲಿಲ್ಲ. ಇಷ್ಟು ದಿನ ಡಾಲರ್ ಕಂಡದ್ದು ಅವರ ಮುಖ. ಅವತ್ತು ಮೊದಲ ಸಲ ಬೆನ್ನು ಕಂಡಿತು.

ಡಾಲರ್ ಎದ್ದು ನಿಂತಿತು. ಒಂದು ಹೆಜ್ಜೆ ಇಟ್ಟಿತು. ಆಮೇಲೆ ಏನಾಯಿತೆಂದು ಹೇಳಲು ನಾನು ಅಷ್ಟು ಓದಿದವನಲ್ಲ. ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಟ್ಟದ್ದನ್ನು ಕಣ್ಣಾರೆ ಕಂಡೆ. ಅದು ನೆಲಕ್ಕೆ ಬಿದ್ದಾಗಲೆಲ್ಲ ನನ್ನ ಅಂಗಾಲಿಗೆ ಗೊತ್ತಾಗುತ್ತಿತ್ತು. ನಾಯಿ ಅಣ್ಣನನ್ನು ಮುಟ್ಟಲಿಲ್ಲ, ಅವರ ಸುತ್ತ ಒಂದು ಸುತ್ತು ಹಾಕಿತು, ಇನ್ನೂ ದೊಡ್ಡ ಸುತ್ತು ಹಾಕಿತು, ಕೊನೆಗೆ ಗೋಡೆಯುದ್ದಕ್ಕೂ ಇಡೀ ಹೊಲವನ್ನೇ ಸುತ್ತತೊಡಗಿತು. ನಡುವೆ ಆ ಸಣಕಲು ಮನುಷ್ಯ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದರು.

ಆಗ ಸಾಹುಕಾರರು ಪಂಚೆ ಎತ್ತಿ ಕಟ್ಟಿದರು. ಡಾಲರ್‌ನ ಹಿಂದೆ ಅವರೂ ಓಡಿದರು. ಹೊಟ್ಟೆ ಒಂದು ಹೆಜ್ಜೆ ಮುಂದೆ, ಅವರು ಒಂದು ಹೆಜ್ಜೆ ಹಿಂದೆ. ಮೂರು ಸುತ್ತು. ಒಂದು ಚಪ್ಪಲಿ ಕಳಕೊಂಡು, ತಲೆಯಿಂದ ಕಾಲಿನವರೆಗೆ ಕೆಂಪಾಗಿ ಬಂದು ಏದುಸಿರು ಬಿಡುತ್ತ ಮಾವನಿಗೆ ಅಂದರು:

“ನಾಳಿಂದ ನನ್ನ ಹೆಸರಿಗೂ ಒಂದ್ ತಾಸು ಬರಕಳ್ರಿ.”

ಮಾವ ಯೋಚನೆ ಮಾಡಿ ಅಂದ: “ಡಾಲರ್‌ನ ಕೇಳಿ ಹೇಳ್ತೀನ್ರಿ.”

ನಾಯಿ ಓಡಿದ್ದು ಖರೆ. ಸಾಹುಕಾರರು ಓಡಿದ್ದು ಮಾತ್ರ ನಾನು ಕಟ್ಟಿದ್ದು. ಅವರು ಬೆಲ್ಟು ಹಿಡಿದುಕೊಂಡು ನಿಂತಲ್ಲೇ ನಿಂತಿದ್ದರು. ಡಾಲರ್ ಸುಸ್ತಾಗಿ ಮಲಗಿದ ಮೇಲೆ ನಡೆದುಹೋಗಿ ಬೆಲ್ಟನ್ನು ನಾಯಿ ಅಣ್ಣನ ಕೈಗೇ ವಾಪಸ್ ಕೊಟ್ಟು ಕಾರು ಹತ್ತಿದರು. ನನಗೆ ಒಂದು ಕೀಟಲೆಯೂ ಹೊಳೆಯಲಿಲ್ಲ. ನಗುವಂಥದ್ದು ಅಲ್ಲೇನೂ ನಡೆಯಲೇ ಇಲ್ಲ. ಅದಕ್ಕೇ ಸಾಹುಕಾರರನ್ನು ಓಡಿಸಬೇಕಾಯಿತು.